ಸಹಾಯ ಬೇಕು: ಮಗ್ದಲೇನಾ ಉಬ್ಬುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಸ್ಪೇನಿನ ವಲೆನ್ಸಿಯಾದಲ್ಲಿದ್ದೇವೆ. ಇಲ್ಲಿ ಬೆಳಗ್ಗೆ ಹಾಲು ಹಾಕಿದ ಕಾಫಿಗೆ ಅದ್ದಿ ತಿನ್ನುವ ನಿಂಬೆ ಮಗ್ದಲೇನಾ ಎಂಬ ಸಣ್ಣ ಕೇಕ್ ಅಂದ್ರೆ ನನ್ನ ಮಗಳಿಗೆ ಪ್ರಾಣ. ಮನೆಯಲ್ಲಿ ಮೂರು ಸಲ ಮಾಡಿದೆ. ಬೆಣ್ಣೆ ಇಲ್ಲ, ಆಲಿವ್ ಎಣ್ಣೆಯೇ: 3 ಸಣ್ಣ ಮೊಟ್ಟೆ, 175 ಗ್ರಾಂ ಸಕ್ಕರೆ, 190 ಮಿಲಿ ಎಣ್ಣೆ, 60 ಮಿಲಿ ಹಾಲು, 210 ಗ್ರಾಂ ಮೈದಾ, 7 ಗ್ರಾಂ ಬೇಕಿಂಗ್ ಪೌಡರ್, ಒಂದು ನಿಂಬೆಯ ಸಿಪ್ಪೆ ತುರಿ. ಘಮ ಚೆನ್ನಾಗಿದೆ. ಮೇಲೆ ಉದುರಿಸಿದ ಸಕ್ಕರೆಯೂ ಗರಿಗರಿ. ಆದರೆ ಅಂಗಡಿಯದ್ದರ ಹಾಗೆ ನಡುವೆ ಗುಡ್ಡ ಏಳುವುದೇ ಇಲ್ಲ, ತಟ್ಟೆಯ ಹಾಗೆ ಚಪ್ಪಟೆ!

ಹಿಟ್ಟನ್ನು ಕಲಸಿದ ಕೂಡಲೇ 180 ಡಿಗ್ರಿಯಲ್ಲಿ ಇಡುತ್ತಿದ್ದೆ. ಆದರೆ ಅದನ್ನು ಮೊದಲು ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟು, ಓವನ್ 250ಕ್ಕೆ ಕಾಯಿಸಿ, ಒಳಗಿಟ್ಟ ಮೇಲೆ 210ಕ್ಕೆ ಇಳಿಸಬೇಕಂತೆ. ಹಾಗೆ ಮಾಡಿದವರು ಯಾರಾದರೂ ಇದ್ದೀರಾ? ಸಣ್ಣ ಓವನ್‌ನಲ್ಲಿ ಮೇಲೆ ಸೀದುಹೋಗಲ್ವಾ? ಎಣ್ಣೆಯ ಕಹಿಯೂ ಸ್ವಲ್ಪ ಜಾಸ್ತಿ ಅನ್ನಿಸ್ತು, ಅರ್ಧ ಸೂರ್ಯಕಾಂತಿ ಎಣ್ಣೆ ಹಾಕಲಾ? ಭಾನುವಾರ ಮಗಳ ಹುಟ್ಟುಹಬ್ಬ, ದಯವಿಟ್ಟು ಹೇಳಿ.