ಅತ್ತೆ ಕೇಳಿದ್ದಕ್ಕೆ: ಮಾವನ ಬೆನ್ನಿಗೆ ಇಡುವ ಟ್ಯೂಬ್

ಅತ್ತೆ, ಡ್ಯೂಟಿ ಮುಗಿಸಿ ಬಂದು ನಮ್ಮ ಗುಂಪಿನಲ್ಲಿ ನಿಮ್ಮ ಸಂದೇಶ ಕೇಳಿದೆ. ಗುರುವಾರ ಮಾವನ ಅನ್ನನಾಳದ ಆಪರೇಷನ್, ಎದೆಯನ್ನೂ ಹೊಟ್ಟೆಯನ್ನೂ ತೆರೆಯಬೇಕು, ಆಮೇಲಿನ ನೋವಿಗೆ ಬೆನ್ನಿನಲ್ಲಿ ಎಪಿಡ್ಯೂರಲ್ ಟ್ಯೂಬ್ ಇಡುತ್ತೇವೆ ಎಂದು ಅರಿವಳಿಕೆ ಡಾಕ್ಟರು ಹೇಳಿದ್ದಾರೆ. ಅದು ಬೇಡವೆಂದು ಬರೆದುಕೊಡಲೇ ಎಂಬುದು ನಿಮ್ಮ ಪ್ರಶ್ನೆ. ಅದರ ಕೆಳಗೆ ಬಂದ ಉತ್ತರಗಳನ್ನೂ ನೋಡಿದೆ. ಸಿಸೇರಿಯನ್ನಿಗೆ ಸೂಜಿ ಚುಚ್ಚಿದಂದಿನಿಂದ ಸೊಂಟ ನೋವು ಬಿಟ್ಟಿಲ್ಲ ಎಂದು ಒಬ್ಬರು. ಯಾರದೋ ಕಾಲು ಬಿದ್ದುಹೋಯಿತೆಂಬ ಮಲಯಾಳದ ಫಾರ್ವರ್ಡ್ ಹಾಕಿದವರು ಇನ್ನೊಬ್ಬರು. ಯಾರ ಕಾಲು, ಯಾವ ಊರು, ಯಾವ ವರ್ಷ, ಒಂದೂ ಇಲ್ಲ. ದಯವಿಟ್ಟು ಬೇಡವೆಂದು ಬರೆದುಕೊಡಬೇಡಿ. ಯಾಕೆಂದು ಹೇಳುತ್ತೇನೆ, ಉದ್ದವಾಗುತ್ತದೆ, ಅಡುಗೆ ಕೆಲಸ ಮುಗಿಸಿ ಕುಳಿತು ಕೇಳಿ, ಭಾವನೂ ಕೇಳಲಿ.

'ಅವರು ಗಟ್ಟಿ ಜೀವ, ನೋವು ಸಹಿಸಿಕೊಳ್ಳುತ್ತಾರೆ' ಎಂದಿರಿ. ಸಹಿಸುತ್ತಾರೆ, ನನಗೆ ಹೆದರಿಕೆ ಇರುವುದೇ ಅಲ್ಲಿ. ಪಕ್ಕೆಲುಬಿನ ನಡುವೆ ಕೊಯ್ದ ಗಾಯ ಒಂದೊಂದು ಉಸಿರಿಗೂ ಅಲುಗುತ್ತದೆ. ನೋಯಬಾರದೆಂದು ರೋಗಿ ಮೇಲಿಂದ ಮೇಲೆ ಚಿಕ್ಕ ಚಿಕ್ಕ ಉಸಿರು ತೆಗೆಯುತ್ತಾರೆ, ಕೆಮ್ಮು ಬಂದರೆ ನುಂಗಿಕೊಳ್ಳುತ್ತಾರೆ. ಕಫ ಒಳಗೇ ಕಟ್ಟುತ್ತದೆ, ಶ್ವಾಸಕೋಶದ ಕೆಳಭಾಗ ಮುದುಡುತ್ತದೆ, ಮೂರನೆಯ ನಾಲ್ಕನೆಯ ದಿನಕ್ಕೆ ಜ್ವರ, ನ್ಯುಮೋನಿಯಾ, ಪುನಃ ಐಸಿಯು. ನಮ್ಮ ವಾರ್ಡಿನಲ್ಲಿ 'ಅಯ್ಯೋ' ಎಂದು ಕೂಗುವವರ ಚಿಂತೆ ನಮಗೆ ಕಡಿಮೆ. ಹಣೆಯಲ್ಲಿ ಬೆವರು, ಎರಡೂ ಕೈಯಲ್ಲಿ ಮಂಚದ ಸರಳು, ಕೇಳಿದರೆ 'ಏನೂ ಇಲ್ಲ ಸಿಸ್ಟರ್' ಎನ್ನುವ ಗಟ್ಟಿಗರನ್ನೇ ನಾವು ಮತ್ತೆ ಮತ್ತೆ ಹೋಗಿ ನೋಡುವುದು. ಆಪರೇಷನ್ ಆದ ಮೇಲೆ ಮಾವ ದಿಂಬನ್ನು ಎದೆಗೆ ಅವುಚಿ ಹಿಡಿದು ಬಲವಾಗಿ ಕೆಮ್ಮಬೇಕು, ಮರುದಿನವೇ ಎದ್ದು ಕುರ್ಚಿಯಲ್ಲಿ ಕೂರಬೇಕು. ಮೂರು ಚೆಂಡುಗಳ ಪ್ಲಾಸ್ಟಿಕ್ ಸಾಧನವೊಂದನ್ನು ಕೊಡುತ್ತಾರಲ್ಲ, ಅದನ್ನೂ ಮಾಡಬೇಕು. ಅದು ಊದುವುದಕ್ಕಲ್ಲ, ಉಸಿರನ್ನು ಒಳಕ್ಕೆ ಎಳೆದು ಚೆಂಡು ಏರಿಸುವುದಕ್ಕೆ. ಹೆಚ್ಚಿನವರು ಊದುತ್ತಾ ಕೂರುತ್ತಾರೆ. ಇಷ್ಟನ್ನೂ ಅವರಿಂದ ಮಾಡಿಸಲಿಕ್ಕೆ ಆ ಟ್ಯೂಬ್.

ಇಡುವುದು ಹೀಗೆ. ಮಾವನನ್ನು ಮಂಚದ ಅಂಚಿನಲ್ಲಿ ಕುಳ್ಳಿರಿಸಿ ಬೆನ್ನು ಬಾಗಿಸಲು ಹೇಳುತ್ತಾರೆ. ಸೊಂಟದಲ್ಲಿ ಅಲ್ಲ, ಬೆನ್ನಿನ ನಡುಭಾಗದಲ್ಲಿ ಚರ್ಮ ಮರಗಟ್ಟಿಸಿ, ಎರಡು ಮೂಳೆಗಳ ನಡುವೆ ಸೂಜಿ ಹಾಕಿ, ಅದರೊಳಗಿಂದ ಒಂದು ಮಿಲಿಮೀಟರಿನಷ್ಟು ಸಪೂರದ ಟ್ಯೂಬ್ ದಾಟಿಸುತ್ತಾರೆ. ಸೂಜಿ ಹೊರಗೆ ಬರುತ್ತದೆ, ಟ್ಯೂಬ್ ಮಾತ್ರ ಉಳಿಯುತ್ತದೆ. ಅದರ ತುದಿ ಇರುವುದು ಬೆನ್ನುಹುರಿಯನ್ನು ಸುತ್ತಿದ ಪೊರೆಯ ಹೊರಗೆ. ಬುಪಿವಕೇನ್‌ನಂಥ ಮರಗಟ್ಟಿಸುವ ಮದ್ದು ಮತ್ತು ಚೂರೇ ಚೂರು ಫೆಂಟನಿಲ್ ಎಂಬ ನೋವಿನ ಮದ್ದು ಪಂಪಿನಿಂದ ಗಂಟೆಗಿಷ್ಟು ಎಂದು ಹೋಗುತ್ತಿರುತ್ತದೆ. ಭಾವ, ನಿಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ತೋಟಕ್ಕೆಲ್ಲ ಸ್ಪ್ರಿಂಕ್ಲರ್ ಹಾರಿಸುವ ಬದಲು ಬೇಕಾದ ಬುಡಕ್ಕೆ ಮಾತ್ರ ಹನಿ ನೀರು ಬಿಟ್ಟ ಹಾಗೆ. ಮಾರ್ಫಿನ್ ರಕ್ತಕ್ಕೆ ಕೊಟ್ಟರೆ ನೋವು ಇಳಿಯುತ್ತದೆ, ಆದರೆ ಮಂಪರು, ವಾಕರಿಕೆ. ಹೊಟ್ಟೆಯ ಚಲನೆಯೂ ನಿಧಾನ. ಎಪಿಡ್ಯೂರಲ್‌ನಲ್ಲಿ ಎಚ್ಚರವಾಗಿರುತ್ತಾರೆ, ಕರುಳೂ ಬೇಗ ಎಚ್ಚರಗೊಳ್ಳುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ದಿನ, ಆಮೇಲೆ ತೆಗೆಯುತ್ತಾರೆ.

ಸಿಸೇರಿಯನ್ನಿನಲ್ಲಿ ಹೆಚ್ಚಾಗಿ ಕೊಡುವುದು ಬೇರೆ, ಸ್ಪೈನಲ್. ಅದು ಸೊಂಟದಲ್ಲಿ, ಪೊರೆಯ ಒಳಗಿನ ದ್ರವಕ್ಕೆ, ಒಂದೇ ಸಲ. ಎಪಿಡ್ಯೂರಲ್ ಚುಚ್ಚಿದ ಜಾಗ ನಾಲ್ಕು ದಿನ ನೋಯಬಹುದು. ಬದುಕಿಡೀ ಬೆನ್ನುನೋವು ಬರುವುದು ಅದರಿಂದ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮಗುವನ್ನು ಎತ್ತಿ, ಕೊಡಪಾನ ಎತ್ತಿ, ನೆಲ ಒರೆಸಿ ಬಂದ ಸೊಂಟನೋವಿನ ಲೆಕ್ಕವನ್ನೂ ಸೂಜಿಯ ತಲೆಗೆ ಕಟ್ಟುವುದು ನಮ್ಮಲ್ಲಿ ವಾಡಿಕೆ.

ಹಾಗೆಂದು ನಾನು ಅದನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಆಸ್ಟ್ರೇಲಿಯಾದ ವೈದ್ಯರು ಮುಂದಾಗಿ ನಡೆಸಿದ, 2002ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದಿದೆ, ಹೊಟ್ಟೆಯ ದೊಡ್ಡ ಆಪರೇಷನ್ನಿನ ಸುಮಾರು 900 ರೋಗಿಗಳ ಮೇಲೆ. ಉಸಿರಾಟ ಸೋತವರು ಎಪಿಡ್ಯೂರಲ್ ಇಲ್ಲದವರಲ್ಲಿ ಶೇ. 30, ಇದ್ದವರಲ್ಲಿ ಶೇ. 23, ಸಾವಿನಲ್ಲಿ ವ್ಯತ್ಯಾಸವಾಗಲಿಲ್ಲ. ಜೀವ ಉಳಿಸುವ ಮಂತ್ರವಲ್ಲ, ಉಸಿರಿಗೆ ಆಸರೆ. ಕೆಲವರಿಗೆ ಒಂದೇ ಬದಿ ಹಿಡಿಯುತ್ತದೆ, ಇನ್ನು ಕೆಲವರಿಗೆ ಹಿಡಿಯುವುದೇ ಇಲ್ಲ. ಮಂಜುಗಡ್ಡೆಯ ತುಂಡನ್ನು ಎದೆಯ ಮೇಲೆ, ಹೊಟ್ಟೆಯ ಮೇಲೆ ಆಡಿಸಿ 'ಇಲ್ಲಿ ತಣ್ಣಗಿದೆಯಾ?' ಎಂದು ಕೇಳುತ್ತಾರೆ. ಮಾವ ಮರ್ಯಾದೆಗೆ 'ಎಲ್ಲ ಸರಿ ಇದೆ' ಎನ್ನಬಾರದು, ಇದ್ದದ್ದನ್ನು ಹೇಳಬೇಕು. ಹಿಡಿಯದಿದ್ದರೆ ಟ್ಯೂಬ್ ಸರಿಪಡಿಸುತ್ತಾರೆ, ಅಥವಾ ಬೇರೆ ಬಗೆಯಲ್ಲಿ ಮದ್ದು ಕೊಡುತ್ತಾರೆ. ರಕ್ತದೊತ್ತಡ ಇಳಿಯಬಹುದು, ಆದ್ದರಿಂದ ಒಬ್ಬರೇ ಎದ್ದು ನಿಲ್ಲುವ ಶೌರ್ಯ ಬೇಡ. ಮೈ ತುರಿಸಬಹುದು, ಅದು ಫೆಂಟನಿಲ್‌ನ ಗುಣ. ಬಟ್ಟೆ ಬದಲಿಸುವಾಗ ಬೆನ್ನಿನ ಪ್ಲಾಸ್ಟರ್ ಎಳೆಯದಂತೆ ನೋಡಿ.

ಇನ್ನು ಕಾಲಿನ ವಿಷಯ. ಶಾಶ್ವತ ಹಾನಿ ಆಗುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬ್ರಿಟನ್ನಿನಲ್ಲಿ ದೇಶವ್ಯಾಪಿ ಲೆಕ್ಕ ತೆಗೆದು 2009ರಲ್ಲಿ ಪ್ರಕಟಿಸಿದರು: ಆಪರೇಷನ್ನಿಗೆಂದು ಇಟ್ಟ ಎಪಿಡ್ಯೂರಲ್‌ಗಳಲ್ಲಿ ಲಕ್ಷಕ್ಕೆ 8ರಿಂದ 17. ಅದರ ಒಂದು ಕಾರಣ, ಟ್ಯೂಬ್ ಇರುವಲ್ಲಿ ರಕ್ತ ಹೆಪ್ಪುಗಟ್ಟಿ ಹುರಿಯನ್ನು ಒತ್ತುವುದು. ಬೆನ್ನಿನ ನಡುಭಾಗದ ಎಪಿಡ್ಯೂರಲ್‌ನಲ್ಲಿ ಕಾಲು ಹೆಚ್ಚಾಗಿ ಆಡುತ್ತಲೇ ಇರುತ್ತದೆ. ಕಾಲು ಎತ್ತಲು ಆಗುತ್ತಿಲ್ಲ, ಭಾರವಾಗುತ್ತಾ ಬಂತು, ಬೆನ್ನಿನಲ್ಲಿ ಹೊಸದಾಗಿ ಜೋರು ನೋವು ಎಂದರೆ ಆ ಕ್ಷಣವೇ ಸಿಸ್ಟರನ್ನು ಕರೆಯಿರಿ, ರಾತ್ರಿ ಎರಡು ಗಂಟೆಯಾದರೂ ಸರಿ. ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬಂದಾಗ ಹೇಳೋಣ ಎಂದು ಕಾಯಬಾರದು. ಕೆಲವೇ ಗಂಟೆಗಳಲ್ಲಿ ಒತ್ತಡ ತೆಗೆದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು.

ಆದ್ದರಿಂದ ಭಾವ, ನಿಮ್ಮ ಕೆಲಸ ಫಾರ್ವರ್ಡ್ ಓದುವುದಲ್ಲ, ಮಾವನ ಮಾತ್ರೆಯ ಡಬ್ಬಿ ತೆರೆಯುವುದು. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರಲ್ಲ? ಆಸ್ಪಿರಿನ್ ಒಂದೇ ಆದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕ್ಲೊಪಿಡೊಗ್ರೆಲ್ ಇದ್ದರೆ 5ರಿಂದ 7 ದಿನ ಮೊದಲೇ ನಿಲ್ಲಿಸಿರಬೇಕು. ಅದನ್ನು ನೀವಾಗಿ ನಿಲ್ಲಿಸುವ ಹಾಗೂ ಇಲ್ಲ, ಹೃದಯದ ಡಾಕ್ಟರನ್ನು ಕೇಳಿಯೇ. ಆಪರೇಷನ್ ಆದ ಮೇಲೆ ಹೊಟ್ಟೆಯ ಚರ್ಮಕ್ಕೆ ಕೊಡುವ ಹೆಪಾರಿನ್ ಬಗೆಯ ಇಂಜೆಕ್ಷನ್ನಿಗೂ ಟ್ಯೂಬ್ ತೆಗೆಯುವುದಕ್ಕೂ ಗಂಟೆಯ ಲೆಕ್ಕ ಇರುತ್ತದೆ, ಅದು ನಮ್ಮ ಜವಾಬ್ದಾರಿ. ಬದಿಯಡ್ಕದಿಂದ ತರುವ ಕಷಾಯ, ಅರಿಷ್ಟ ಏನಿದ್ದರೂ ಅರಿವಳಿಕೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಅವರು ಬೈಯುವುದಿಲ್ಲ. ತೋಟಕ್ಕೆ ಮದ್ದು ಬಿಡುವುದು ಎರಡು ದಿನ ತಡವಾದರೆ ಆಗಲಿ. ಬುಧವಾರ ಮಧ್ಯಾಹ್ನದೊಳಗೆ ತಲಪಾಡಿ ಗಡಿ ದಾಟಿ ಬನ್ನಿ. ಮಾತ್ರೆಗಳ ಫೋಟೋ ತೆಗೆದು ಇವತ್ತೇ ನನಗೆ ಕಳುಹಿಸಿ. ನನಗೊಬ್ಬಳಿಗೆ ಕಳುಹಿಸಿದರೆ ಸಾಕು, ಗುಂಪಿಗೆ ಹಾಕಿದರೆ ಒಂದೊಂದು ಮಾತ್ರೆಗೂ ಒಬ್ಬೊಬ್ಬ ಪಂಡಿತರು ಏಳುತ್ತಾರೆ.