ಹಳೆ ಪೆನ್ (Penn) ಕಂಪನಿಯ ಗಾಳದ ರೀಲಿನ ಗೇರ್ ಒಂದರದ್ದು ಇನ್ನೊಂದಕ್ಕೆ ಹಾಕಬಹುದಾ? ಮಾಡಿ ನೋಡಿದವರು ಹೇಳಿ

ಕುಂಬಳೆಯಿಂದ, ಕೇಳಿದವರು:

ಮಾವ ಬಹ್ರೈನ್‌ನಿಂದ ಊರಿಗೆ ಬರುವಾಗ ತಂದ ನಾಲ್ಕು ಹಳೆ ಪೆನ್ ರೀಲ್‌ಗಳು ಅಟ್ಟದಲ್ಲಿದ್ದವು. ಜಿಗ್‌ಮಾಸ್ಟರ್ 500, ಜಿಗ್‌ಮಾಸ್ಟರ್ 501, ಕಪ್ಪು ಸೆನೆಟರ್ 113, ಕೆಂಪು ಸೈಡ್ ಪ್ಲೇಟಿನ 113ಎಚ್. ನನಗೆ ಬೇಕಾಗಿರುವುದು 500, ಶಿರಿಯ ಅಳಿವೆ ಹತ್ತಿರ ಗಾಳ ಹಾಕಲಿಕ್ಕೆ. ಆದರೆ ಹಿಡಿ ತಿರುಗಿಸುವಾಗ ನಡುನಡುವೆ ಕಟಕ್ ಅಂತ ಹಾರುತ್ತದೆ. 501ರ ಸ್ಪೂಲ್ (ದಾರ ಸುತ್ತುವ ಉರುಳೆ) ಒಡೆದಿದೆ, ಗೇರ್ ಚೆನ್ನಾಗಿದ್ದ ಹಾಗೆ ಕಾಣುತ್ತದೆ. ಅದನ್ನು 500ಕ್ಕೆ ಹಾಕಬಹುದಾ? 113ಎಚ್‌ನ ಸೈಡ್ ಪ್ಲೇಟ್ ಬಿರುಕು ಬಿಟ್ಟಿದೆ. ಅದರ ಗೇರ್ 113ಕ್ಕೆ ಕೂರುತ್ತದಾ? ಸೆನೆಟರಿನದ್ದು ಜಿಗ್‌ಮಾಸ್ಟರಿಗೆ ಆಗುತ್ತದಾ? ಮಳೆ ಮುಗಿಯುವುದರೊಳಗೆ ರೆಡಿ ಮಾಡಬೇಕು ಅಂತ ಆಸೆ.

ಉಪ್ಪಳದಿಂದ:

ಅಕ್ಕಾ, 501ರದ್ದು 500ಕ್ಕೆ ಧೈರ್ಯವಾಗಿ ಹಾಕಿ. ಎರಡೂ ಒಂದೇ ರೀಲ್, 501 ಅಗಲದಲ್ಲಿ ಕಿರಿದು ಅಷ್ಟೇ. ಸ್ಪೂಲ್, ನಡುವಿನ ಕಂಬಗಳು, ರಾಡಿಗೆ ಕೂರುವ ಸೀಟ್, ಇವು ಬೇರೆ. ಹಿಡಿ ಇರುವ ಬದಿಯ ಒಳಗಿನ ಗೇರ್ ಕೆಲಸ ಎರಡಕ್ಕೂ ಒಂದೇ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಪೆನ್‌ನ ಪ್ರತಿ ಬಿಡಿಭಾಗಕ್ಕೂ ಒಂದು ನಂಬರ್ ಇದೆ. ಅಡ್ಡಗೆರೆಯ ಹಿಂದಿನದು ಭಾಗ ಯಾವುದು ಅಂತ ಹೇಳುತ್ತದೆ. 5 ಅಂದರೆ ಮೇನ್ ಗೇರ್ (ಹಿಡಿಯ ಜೊತೆ ತಿರುಗುವ ದೊಡ್ಡ ಗೇರ್), 13 ಅಂದರೆ ಪಿನಿಯನ್ (ಸ್ಪೂಲನ್ನು ತಿರುಗಿಸುವ ಚಿಕ್ಕ ಗೇರ್), 3 ಅಂದರೆ ಬ್ರಿಡ್ಜ್ (ಗೇರ್ ಕೂರುವ ಒಳಗಿನ ಚೌಕಟ್ಟು), 6 ಅಂದರೆ ಡ್ರ್ಯಾಗ್ ವಾಷರ್ (ಮೀನು ಎಳೆದಾಗ ದಾರಕ್ಕೆ ಬ್ರೇಕ್ ಹಾಕುವ ಬಿಲ್ಲೆ), 12 ಅಂದರೆ ಪಿನಿಯನ್ನನ್ನು ಹಿಡಿದುಕೊಳ್ಳುವ ಯೋಕ್, 29 ಅಂದರೆ ಸ್ಪೂಲ್. ಅಡ್ಡಗೆರೆಯ ಮುಂದಿನದು ಆ ಭಾಗಕ್ಕೆ ಹೆಸರು ಕೊಟ್ಟ ಮಾಡೆಲ್. 5-500 ಅಂದರೆ ಜಿಗ್‌ಮಾಸ್ಟರ್ 500ರ ಹೆಸರಿನ ಮೇನ್ ಗೇರ್. ಹಾಗಾಗಿ ಎರಡು ರೀಲ್‌ಗಳ ಬಿಡಿಭಾಗದ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ನಂಬರ್ ಒಂದೇ ಇದ್ದರೆ ಭಾಗವೂ ಒಂದೇ. ಬೇರೆ ಇದ್ದರೆ, ಕಣ್ಣಿಗೆ ಎಷ್ಟೇ ಒಂದೇ ಥರ ಕಂಡರೂ ಅನುಮಾನ ಇಟ್ಟುಕೊಳ್ಳಿ. ಕಂಪನಿ ಶುರುವಾದದ್ದು 1932ರಲ್ಲಿ ಫಿಲಡೆಲ್ಫಿಯಾದಲ್ಲಿ, ಸೆನೆಟರ್ ಬಂದದ್ದು 1936ರಲ್ಲಿ. ಅಷ್ಟು ವರ್ಷ ಅದೇ ಹೆಸರು, ಅದೇ ನಂಬರ್ ಪದ್ಧತಿ ನಡೆದು ಬಂದಿರುವುದರಿಂದಲೇ ಹಳೆ ರೀಲಿಗೆ ಇವತ್ತೂ ಜೀವ ಕೊಡಬಹುದು.

ಇನ್ನೊಂದು ಮುಖ್ಯ ಮಾತು. ಮೇನ್ ಗೇರ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಎತ್ತಿ, ಜೋಡಿಯಾಗಿಯೇ ಹಾಕಿ. ಬೈಕಿಗೆ ಚೈನ್ ಮಾತ್ರ ಹೊಸದು ಹಾಕಿದರೆ ಮೆಕ್ಯಾನಿಕ್ ಒಪ್ಪುವುದಿಲ್ಲ ಅಲ್ವಾ, ಸ್ಪ್ರಾಕೆಟ್ ಸೆಟ್ಟೂ ಬೇಕು ಅನ್ನುತ್ತಾನೆ. ಇಲ್ಲಿಯೂ ಅಷ್ಟೇ. ವರ್ಷಗಟ್ಟಲೆ ಒಂದಕ್ಕೊಂದು ಉಜ್ಜಿ ಸವೆದ ಹಲ್ಲುಗಳು ಅವು.

ಕಾಸರಗೋಡು ತಳಂಗರೆಯಿಂದ:

ಬಿಚ್ಚುವ ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ. 501ರ ಹಿಡಿ ಇರುವ ಇಡೀ ಬದಿಯನ್ನೇ ತೆಗೆದು 500ರ ಸ್ಪೂಲಿಗೆ ಕೂರಿಸಿ ತಿರುಗಿಸಿ. ಕಟಕ್ ನಿಂತರೆ ತೊಂದರೆ ಗೇರ್ ಕಡೆಯದ್ದು. ಆಗಲೂ ಹಾರಿದರೆ ಸ್ಪೂಲಿನ ಶಾಫ್ಟ್ ಅಥವಾ ಬೇರಿಂಗ್ ನೋಡಬೇಕು. ಶಾಫ್ಟಿನ ತುದಿಯಲ್ಲಿ ಎರಡು ಬದಿ ಚಪ್ಪಟೆ ಇರುತ್ತದೆ, ಪಿನಿಯನ್ನಿನ ಸೀಳು ಅದನ್ನು ಕಚ್ಚುತ್ತದೆ. ಆ ಚಪ್ಪಟೆಯ ಅಂಚು ಉರುಟಾಗಿದ್ದರೂ ಇದೇ ಥರ ಹಾರುತ್ತದೆ. ಆಗ ಎಷ್ಟು ಗೇರ್ ಬದಲಿಸಿದರೂ ಪ್ರಯೋಜನ ಇಲ್ಲ.

ಕುಂಬಳೆಯಿಂದ:

ಥ್ಯಾಂಕ್ಸ್ ಅಣ್ಣ. 501ರ ಬದಿ ಹಾಕಿದೆ, ಕಟಕ್ ಹೋಯಿತು! 500ರದ್ದನ್ನು ಬಿಚ್ಚಿದೆ. ಒಳಗೆಲ್ಲ ಕಪ್ಪು ಗ್ರೀಸ್, ಬೆರಳಲ್ಲಿ ತಿಕ್ಕಿದರೆ ಬಂಗಾರದ ಪುಡಿ ಹಾಗೆ ಹೊಳೆಯುತ್ತದೆ. ಮೇನ್ ಗೇರ್ ಪರವಾಗಿಲ್ಲ ಅನಿಸುತ್ತದೆ, ಪಿನಿಯನ್ ಹಲ್ಲು ಚೂಪಾಗಿದೆ. ಪಿನಿಯನ್ ಮಾತ್ರ ಬದಲಿಸಿದರೆ ಸಾಲದಾ?

ಉಪ್ಪಳದಿಂದ:

ಹೊಳೆಯುವುದು ಹಿತ್ತಾಳೆ ಜಾತಿಯ ಪುಡಿ, ಅಂದರೆ ಹಲ್ಲು ಸವೆದು ಬಂದದ್ದು. ಚಿಕ್ಕ ಗೇರ್ ಜಾಸ್ತಿ ಸುತ್ತು ತಿರುಗುತ್ತದೆ, ಅದಕ್ಕೆ ಸವೆತ ಮೊದಲು ಅಲ್ಲಿ ಕಾಣುತ್ತದೆ. ದೊಡ್ಡದು ಸರಿ ಇದೆಯಾ ಅಂತ ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಹೀಗೆ ಮಾಡಿ: ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಮೇನ್ ಗೇರ್ ಹಲ್ಲುಗಳಿಗೆ ಸುತ್ತಲೂ ಕಪ್ಪು ಮಾರ್ಕರ್ ಬಳಿಯಿರಿ. ಗ್ರೀಸ್ ಹಾಕದೆ ಜೋಡಿಸಿ, ಸ್ಪೂಲನ್ನು ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿ ಹಿಡಿದು ನಿಧಾನ ತಿರುಗಿಸಿ. ಮತ್ತೆ ತೆಗೆದು ನೋಡಿ. ಬಣ್ಣ ಹಲ್ಲಿನ ಅಗಲದುದ್ದಕ್ಕೂ ಒಂದೇ ಸಮ ಅಳಿಸಿದ್ದರೆ ಜೋಡಿ ಚೆನ್ನಾಗಿದೆ. ಒಂದು ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಗೇರ್ ಓರೆ ಕೂತಿದೆ, ಅಥವಾ ಅದು ತಿರುಗುವ ಗೂಟ ಸಡಿಲವಾಗಿದೆ. ಹಲ್ಲಿನ ತುದಿಯಲ್ಲಿ ಮಾತ್ರ ಅಳಿಸಿದ್ದರೆ ಕಚ್ಚಬೇಕಾದಷ್ಟು ಆಳ ಕಚ್ಚುತ್ತಿಲ್ಲ.

ನಿಮ್ಮ ಹತ್ತಿರ 501ರ ಜೋಡಿ ಪೂರ್ತಿ ಇದೆಯಲ್ಲ. ಮತ್ತೆ ಯಾಕೆ ಪಿನಿಯನ್ ಒಂದೇ? ನಾನಾದರೆ ಬ್ರಿಡ್ಜ್ ಸಮೇತ ದಾಟಿಸುತ್ತೇನೆ. ಗೂಟವೂ ಅದರ ಜೊತೆಗೇ ಬರುತ್ತದೆ, ಓರೆಯ ಚಿಂತೆಯೇ ಇಲ್ಲ.

ಮಂಜೇಶ್ವರದಿಂದ:

ಸೆನೆಟರ್ ವಿಷಯ ಯಾರೂ ಹೇಳಲಿಲ್ಲ. ಎಚ್ ಅಂದರೆ ಹೈಸ್ಪೀಡ್. 113ಎಚ್‌ನ 5-113ಎಚ್, 13-113ಎಚ್ ಎರಡನ್ನೂ ಒಟ್ಟಿಗೆ ಹಾಕಿದರೆ ಕಪ್ಪು 113ಕ್ಕೆ ಕೂರುತ್ತದೆ, ನಾನು ಹಾಕಿದ್ದೇನೆ. ಒಂದರ ಮೇನ್ ಗೇರಿಗೆ ಇನ್ನೊಂದರ ಪಿನಿಯನ್ ಮಾತ್ರ ಖಂಡಿತ ಬೇಡ. ಸೆನೆಟರಿನದ್ದು ಜಿಗ್‌ಮಾಸ್ಟರಿಗೆ ಆಗುವುದಿಲ್ಲ. ನಂಬರೂ ಬೇರೆ, ಗಾತ್ರವೂ ಬೇರೆ.

ಆದರೆ 113ಕ್ಕೆ ಸ್ಪೀಡ್ ಬೇಕಾ ಅಂತ ಮೊದಲು ಯೋಚಿಸಿ. ಜಿಗ್‌ಮಾಸ್ಟರಿನಲ್ಲಿ ಹಿಡಿ ಒಂದು ಸುತ್ತಿಗೆ ಸ್ಪೂಲ್ ನಾಲ್ಕು ಸುತ್ತು. ಅಂಜಲ್‌ಗೆ, ಓಡಿಸಿ ಎಳೆಯುವ ಬೇಟೆಗೆ ಅದು ಒಳ್ಳೆಯದು. ಕಲ್ಲಿನ ಸಂದಿಯ ಮುರು ಮೀನಿಗೆ, ತೊರಕೆಗೆ ನಿಧಾನದ ಗೇರೇ ಬೇಕು. ಸ್ಪೀಡ್ ಏರಿದಷ್ಟೂ ಕೈಗೆ ಭಾರ ಏರುತ್ತದೆ. ಬೇಕಲದ ಬಂಡೆ ಮೇಲೆ ನಿಂತು ಎಳೆದು ನೋಡಿದವರಿಗೆ ಇದು ಗೊತ್ತು. ಮೀನು ಸಂದಿಗೆ ನುಗ್ಗುವ ಮೊದಲ ಎರಡು ಕ್ಷಣದಲ್ಲೇ ಬಲ ಬೇಕಾಗುವುದು. ನನ್ನ ಅಭಿಪ್ರಾಯ, 113 ಇದ್ದ ಹಾಗೇ ಇರಲಿ. ಎಚ್‌ನ ಜೋಡಿಯನ್ನು ಎಣ್ಣೆ ಸವರಿ ಡಬ್ಬಿಯಲ್ಲಿಡಿ.

ತಳಂಗರೆಯಿಂದ:

ಒಪ್ಪುತ್ತೇನೆ. ಹಾಕಲೇಬೇಕು ಅಂತಿದ್ದರೆ ಉದ್ದ ಹಿಡಿಯನ್ನೂ ಹಾಕಿ, ಕೈಗೆ ಸ್ವಲ್ಪ ಆರಾಮ.

ಗೇರ್ ಬಿಚ್ಚಿದಾಗಲೇ ಡ್ರ್ಯಾಗ್ ವಾಷರ್ ಬದಲಿಸಿಬಿಡಿ. ಮೇನ್ ಗೇರಿನ ಹೊಟ್ಟೆಯಲ್ಲೇ ಅವು ಇರುವುದು. ಪೆನ್‌ನದ್ದೇ ಎಚ್‌ಟಿ-100 ಅಂತ ಕಾರ್ಬನ್ ಫೈಬರ್ ವಾಷರ್ ಬರುತ್ತದೆ, ಎಳೆತ ನಯವಾಗುತ್ತದೆ. ಲೋಹದ ವಾಷರ್‌ಗಳು ಯಾವ ಸಾಲಿನಲ್ಲಿವೆ ಅಂತ ತೆಗೆಯುವಾಗಲೇ ಫೋಟೋ ಹೊಡೆದಿಡಿ. ಹಳೆ ವಾಷರನ್ನು ಉಪ್ಪುಕಾಗದದಲ್ಲಿ ಉಜ್ಜಲು ಮಾತ್ರ ಹೋಗಬೇಡಿ. ಹಿಂದಿನ ಕಾಲದ ಬ್ರೇಕ್ ಸಾಮಾನುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಮಾಡಿ ತೆಗೆದು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಬಿಸಾಡಿ.

ಸ್ಕ್ರೂಗಳ ಮೇಲೂ ಕಣ್ಣಿಡಿ. ಅಮೆರಿಕದ ರೀಲ್, ಮರೆ (ಸ್ಕ್ರೂವಿನ ಸುತ್ತುಗೆರೆ) ಇಂಚಿನ ಲೆಕ್ಕದ್ದು. ಇಲ್ಲಿನ ಹಾರ್ಡ್‌ವೇರ್ ಅಂಗಡಿಯ ಮೆಟ್ರಿಕ್ ಸ್ಕ್ರೂ ಎರಡು ಸುತ್ತು ಒಳಗೆ ಹೋಗಿ ಬಿಗಿಯುತ್ತದೆ. ಒತ್ತಿದರೆ ಮರೆ ಹಾಳು. ಬಿರುಕು ಬಿಟ್ಟ 113ಎಚ್‌ನ ಸ್ಕ್ರೂಗಳನ್ನು ಒಂದೂ ಬಿಡದೆ ಎತ್ತಿಡಿ.

ಬದಿಯಡ್ಕದಿಂದ:

ಲೇತ್ ಅಂಗಡಿಯಲ್ಲಿ ಹೊಸ ಗೇರ್ ಮಾಡಿಸಿದರೆ ಆಗುವುದಿಲ್ಲವಾ? ನನ್ನ ಹತ್ತಿರ ಜೋಡಿ ಇಲ್ಲದ ಒಂದು ರೀಲ್ ಇದೆ.

ಉಪ್ಪಳದಿಂದ:

ಆಗುತ್ತದೆ, ಆದರೆ ಅಳತೆ ಸರಿ ಹೇಳಬೇಕು ಭಾವ. ಅಮೆರಿಕದ ಹಳೆ ಗೇರ್‌ಗಳು ಸಾಮಾನ್ಯವಾಗಿ ಡಯಾಮೆಟ್ರಲ್ ಪಿಚ್ (ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು) ಲೆಕ್ಕದಲ್ಲಿ ಕೊರೆದವು, ನಮ್ಮ ಕಡೆಯ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಮಾಡ್ಯೂಲ್ (ಒಂದು ಹಲ್ಲಿಗೆ ವ್ಯಾಸ ಎಷ್ಟು ಮಿಲಿಮೀಟರ್) ಲೆಕ್ಕದ ಕಟರ್. 24 ಪಿಚ್ ಅಂದರೆ ಮಾಡ್ಯೂಲ್ 1.058. ಮಾಡ್ಯೂಲ್ 1ರ ಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಕಚ್ಚಿಸಿದರೆ ಕಿರುಗುಟ್ಟುತ್ತದೆ. ಹಲ್ಲು ನೇರ ಇದ್ದರೆ ಹಲ್ಲಿನ ಲೆಕ್ಕಕ್ಕೆ 2 ಕೂಡಿಸಿ, ಹೊರ ವ್ಯಾಸದ ಇಂಚಿನಿಂದ ಭಾಗಿಸಿ. ಬಂದದ್ದೇ ಪಿಚ್. ಓರೆ ಹಲ್ಲಾದರೆ ಈ ಲೆಕ್ಕ ನಡೆಯುವುದಿಲ್ಲ, ಓರೆಯ ಕೋನವೂ ಬೇಕು. ಎರಡು ಗೇರ್‌ಗಳ ಓರೆ ಒಂದಕ್ಕೊಂದು ವಿರುದ್ಧ ದಿಕ್ಕಿಗೂ ಇರಬೇಕು.

ಎರಡನ್ನೂ ಹೊಸದಾಗಿಯೇ ಮಾಡಿಸುವುದಾದರೆ ಮಾಡ್ಯೂಲ್ ಕಟರ್ ಆದರೂ ನಡೆಯುತ್ತದೆ. ಆದರೆ ಎರಡು ಗೂಟಗಳ ನಡುವಿನ ಅಂತರಕ್ಕೆ ಹೊಂದಬೇಕು. ನೇರ ಹಲ್ಲಿನ ಜೋಡಿಗೆ ಲೆಕ್ಕ ಸುಲಭ: ಎರಡರ ಹಲ್ಲು ಕೂಡಿಸಿ, ಮಾಡ್ಯೂಲಿನಿಂದ ಗುಣಿಸಿ, ಅರ್ಧ ಮಾಡಿ. ಅಷ್ಟು ಮಿಲಿಮೀಟರ್ ಅಂತರ ಬೇಕು. ಮೊದಲು ನಿಮ್ಮ ಬ್ರಿಡ್ಜಿನ ಅಂತರ ವರ್ನಿಯರ್‌ನಲ್ಲಿ ಅಳೆದು, ಎರಡೂ ಗೇರಿನ ಹಲ್ಲು ಎಣಿಸಿ ಇಲ್ಲಿ ಹಾಕಿ. ಕಟರ್ ಯಾವುದು ಬೇಕು ಅಂತ ನಾನು ಹೇಳುತ್ತೇನೆ.