ಸಹಾಯ ಬೇಕು: ಬಳ್ಳಾರಿ ಕೋಟೆ, ಗಲ್ಲಿಗೇರಿದ ಎಂಜಿನಿಯರ್ ಮತ್ತು ನನ್ನ ತಮ್ಮ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವನು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ದೆವ್ವದ ಜಾಗ, ಕೊಲೆ ನಡೆದ ಜಾಗ ಅಂದ್ರೆ ಹುಚ್ಚು. ರಾಜಸ್ಥಾನದ ಭಾನಗಢಕ್ಕೂ ಹೋಗಿ ಬಂದಿದ್ದಾನೆ. ಸೂರ್ಯ ಮುಳುಗಿದ ಮೇಲೆ ಒಳಗೆ ಹೋಗಬಾರದು ಅಂತ ಸರ್ಕಾರದ್ದೇ ಬೋರ್ಡ್ ಇದೆಯಲ್ಲ, ಅದೇ. ಈಗ "ನಿಮ್ಮ ಕಡೆ ಏನೂ ಇಲ್ವಾ" ಅಂತ ನನ್ನ ತಲೆ ತಿನ್ನುತ್ತಿದ್ದಾನೆ.

ಹೋದ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ಹಿರೇಬೆಣಕಲ್‌ಗೆ ಕರೆದುಕೊಂಡು ಹೋಗಿದ್ದೆ. ಸತ್ತವರಿಗಾಗಿ ಕಟ್ಟಿದ, ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಮನೆಗಳು, ಕೆಲವದರ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ತಮ್ಮ ಅದರೊಳಗೆ ತಲೆ ಹಾಕಿದ, ಒಳಗಿಂದ ಓತಿಕ್ಯಾತ ಹೊರಗೆ ಜಿಗಿಯಿತು. ಅವನು ಕಿರುಚಿದ್ದು ಗುಡ್ಡಕ್ಕೆಲ್ಲ ಕೇಳಿಸಿತು! ಒಂದೇ ಬಾಟಲ್ ನೀರು ಒಯ್ದಿದ್ದೆವು, ಹನ್ನೊಂದಕ್ಕೇ ಖಾಲಿ. ತಪ್ಪು ನನ್ನದೇ.

ಈ ಸಲ ಬಳ್ಳಾರಿ ಕೋಟೆ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದ, ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ, ಸಿಟ್ಟಿಗೆದ್ದು ಅವನನ್ನು ಗಲ್ಲಿಗೇರಿಸಿದ ಅಂತ ಕಥೆ. ಸಮಾಧಿ ಪೂರ್ವ ಬಾಗಿಲ ಹತ್ತಿರ ಅಂತಾರೆ. ದೆವ್ವಕ್ಕಿಂತ ನನಗೆ ಇದೇ ಜಾಸ್ತಿ ಭಯ: ಕೆಲಸ ಮುಗಿಸಿದ ಮೇಲೆ ಅಳತೆ ತಪ್ಪಾಯ್ತು ಅನ್ನೋದು. ನಾನೂ ಸಿವಿಲ್ ಎಂಜಿನಿಯರ್ರೇ.

ಬಳ್ಳಾರಿಯವರು ಹೇಳಿ: ಆ ಸಮಾಧಿ ಅಂತ ತೋರಿಸುವ ಜಾಗ ಸರಿಯಾಗಿ ಎಲ್ಲಿ? ಮೇಲೆ ಹತ್ತಲು ಬೆಳಿಗ್ಗೆ ಎಷ್ಟಕ್ಕೆ ಬಿಡುತ್ತಾರೆ? ಅಮ್ಮನೂ ಬರ್ತೀನಿ ಅಂತಿದ್ದಾರೆ, ಮೊಣಕಾಲು ನೋವಿದೆ. ಮೆಟ್ಟಿಲು ಹತ್ತಬಹುದಾ? ಈ ಕಥೆ ಚೆನ್ನಾಗಿ ಹೇಳುವ ಹಿರಿಯರು ಯಾರಾದರೂ ಇದ್ದರೆ ಇನ್‌ಬಾಕ್ಸ್ ಮಾಡಿ. ಬರುವ ಭಾನುವಾರ ಹೊರಡುತ್ತೇವೆ.